ಪಾಳಿಯ ಮನೆಯಲ್ಲಿ ಎರಡು ಹೊತ್ತಿನ ಗುಳಿಗೆ

ಹಟ್ಟಿಯ ಕಂಪನಿ ಮನೆಯಲ್ಲಿ ನಾನು ಕಣ್ಣುಬಿಟ್ಟ ಮೊದಲ ಬೆಳಿಗ್ಗೆ ಕಿಟಕಿಗಳಿಗೆಲ್ಲ ಕೌದಿ ಕಟ್ಟಿತ್ತು. ಹೊರಗೆ ಬಿಸಿಲು ಏರಿದ್ದರೂ ಒಳಗೆ ಕತ್ತಲೆ. ಅತ್ತಿಗೆ ಬಾಯಿಗೆ ಬೆರಳಿಟ್ಟು, "ಸಪ್ಪಳ ಮಾಡಬ್ಯಾಡ, ನಿಮ್ಮಣ್ಣ ಈಗ ಮಕ್ಕೊಂಡಾರ" ಎಂದಳು. ಅಣ್ಣನಿಗೆ ಗಣಿಯಲ್ಲಿ ರಾತ್ರಿಪಾಳಿ. ಸಾವಾದ ಮನೆಗೆ ಬಂದಂತೆ ಅನಿಸಿತು ನನಗೆ.

ನಮ್ಮ ಬಳಗಾನೂರಿನಲ್ಲಿ ಗದ್ದೆಯಿಂದ ಬಂದವರೆಲ್ಲ ರಾತ್ರಿ ಎಂಟರ ಹೊತ್ತಿಗೆ ಒಟ್ಟಿಗೆ ಉಣ್ಣುತ್ತಾರೆ. ಇಲ್ಲಿ ಅಣ್ಣ ನೆಲದಾಳದ ಗಣಿಯಿಂದ ಮೇಲೆ ಬಂದು ಮನೆ ಸೇರುವವರೆಗೆ ಅತ್ತಿಗೆ ತಟ್ಟೆ ಮುಟ್ಟುವುದಿಲ್ಲ. ಪಾಳಿ ಬದಲಾದಾಗಲೆಲ್ಲ ಮನೆಯ ಊಟದ ಹೊತ್ತೂ ಬದಲಾಗುತ್ತದೆ. ಈ ಮನೆಯವಳೇ ಆಗಬೇಕೆಂದು ನಾನೂ ಅವಳ ಜೊತೆಗೇ ಉಣ್ಣತೊಡಗಿದೆ.

ನನಗೆ ಮೂರ್ಛೆರೋಗವಿದೆ. ಹಳೆಯ ಗುಳಿಗೆಯಿಂದ ವಸಡು ಊದಿಕೊಂಡಿದ್ದರಿಂದ ಸಿಂಧನೂರಿನ ಡಾಕ್ಟರು ಅದನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ ಹೊಸದನ್ನು ಏರಿಸುತ್ತಿದ್ದರು. ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ಮೇಲೆ. ಇಲ್ಲಿನ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುವ ಕೆಲಸ ಸಿಕ್ಕಿತ್ತು. ಅವ್ವ ಒಪ್ಪಿದ್ದು ಒಂದೇ ಕರಾರಿನ ಮೇಲೆ: "ಅಲ್ಲಿ ಬಿದ್ದೀ ಅಂದ್ರ ಅವತ್ತೇ ಬಸ್ ಹತ್ತಬೇಕು."

ನಾನು ದಿನಚರಿ ಬರೆಯುವವಳು. ತಾರೀಖು ಹಾಕಿ, ನುಂಗಿದ ಗುಳಿಗೆಗೊಂದು ಗೆರೆ ಎಳೆಯುತ್ತಿದ್ದೆ. ಹೊಸ ಗುಳಿಗೆಯ ಕಾಟವನ್ನೂ ಬರೆದಿಟ್ಟೆ: ತಲೆಸುತ್ತು, ಹಗಲುನಿದ್ದೆ, ಎಲ್ಲಿಂದಲೋ ಬರುವ ಸಿಟ್ಟು. ರೊಟ್ಟಿ ಸೀದಿದೆಯೆಂದು ಒಂದು ದಿನ ತಟ್ಟೆಯನ್ನೇ ಗೋಡೆಗೆ ಎಸೆದೆ.

"ಇದು ನಿನ್ನ ಸಿಟ್ಟೋ, ಗುಳಿಗೀದೋ?" ಅತ್ತಿಗೆ ಕೇಳಿದಳು.

"ಗುಳಿಗೀದು."

"ಹಂಗಾರ ಗ್ವಾಡಿನೂ ಗುಳಿಗೀನ ಒರಸಲಿ" ಎಂದು ನಕ್ಕಳು. ಆದರೆ ಅಂದಿನಿಂದ ತನ್ನ ಕೂಸನ್ನು ನನ್ನ ತೊಡೆಯ ಮೇಲೆ ಬಿಡಲಿಲ್ಲ.

ಆಮೇಲೆ ಶಾಲೆಯಲ್ಲಿ ಕೈಯೊಳಗಿನ ಬಳಪ ತಾನಾಗಿಯೇ ಜಿಗಿದು ಬೀಳತೊಡಗಿತು. ಮಕ್ಕಳು ನಗುತ್ತಿದ್ದರು, ನನಗೆ ಮಾತ್ರ ಏನೋ ಹತ್ತಿರ ಬರುತ್ತಿರುವುದು ಗೊತ್ತಿತ್ತು. ಒಂದು ಬೆಳಿಗ್ಗೆ ನೀರು ತುಂಬುತ್ತಿದ್ದಾಗ ಬಿದ್ದೆ. ಎಚ್ಚರವಾದಾಗ ತಲೆಯ ಕೆಳಗೆ ಅತ್ತಿಗೆಯ ಸೆರಗು, ಮುಷ್ಟಿಯಲ್ಲಿ ಪಕ್ಕದ ಮನೆಯವರು ತುರುಕಿದ ಕೀಲಿಗೊಂಚಲು.

ಮರುದಿನ ಅತ್ತಿಗೆಯೊಡನೆ ಲಿಂಗಸುಗೂರು ದಾಟಿ ಸಿಂಧನೂರಿಗೆ ಹೊರಟೆ. ಮಸ್ಕಿಯಲ್ಲಿ ಬಳಗಾನೂರಿನ ಬಸ್ಸು ಪಕ್ಕದಲ್ಲೇ ನಿಂತಿತ್ತು. ಅದು ಹೊರಡುವವರೆಗೆ ಅತ್ತಿಗೆ ನನ್ನ ಕೈ ಬಿಡಲಿಲ್ಲ.

"ಗುಳಿಗಿ ತಪ್ಪಿಸಿದೇನು?" ಡಾಕ್ಟರು ಕೇಳಿದರು.

"ಒಂದೂ ಇಲ್ರಿ. ಬರದಿಟ್ಟೀನಿ."

"ರಾತ್ರಿ ಊಟ ಎಷ್ಟಕ್ಕ?"

"ಪಾಳಿ ಮ್ಯಾಲ ಐತ್ರಿ."

ಅವರು ಪೆನ್ನು ಕೆಳಗಿಟ್ಟರು. "ಊಟದ ಹಿಂದ ಗುಳಿಗೀನೂ ಓಡ್ಯಾಡ್ಯದ. ಎರಡರ ನಡುವ ಹನ್ನೆರಡು ತಾಸು ಇರಬೇಕವಾ. ಸಿಟ್ಟು ಹೆಚ್ಚಾದ್ರ ಫೋನ್ ಮಾಡು, ನೀನಾಗಿ ಗುಳಿಗಿ ಬಿಡಬ್ಯಾಡ."

ಗೆರೆಗಳೆಲ್ಲ ಸರಿಯಿದ್ದವು. ಹೊತ್ತನ್ನು ನಾನು ಬರೆದೇ ಇರಲಿಲ್ಲ.

ಅವ್ವನಿಗೆ ಅತ್ತಿಗೆಯೇ ಫೋನು ಮಾಡಿದಳು. "ತಪ್ಪು ನಮ್ಮ ಊಟದ್ದು, ಅತ್ತಿ. ಒಂದು ತಿಂಗಳು ನೋಡೋಣು."

"ನೋಡು. ಇನ್ನೊಮ್ಮೆ ಆದ್ರ ನಾನೇ ಬರತೀನಿ."

ಈಗ ಎಂಟಕ್ಕೆ ಅತ್ತಿಗೆ ನನಗೊಬ್ಬಳಿಗೇ ಬಡಿಸಿ ಎದುರು ಕೂಡುತ್ತಾಳೆ.

"ನೀವೂ ಉಣ್ರಿ."

"ನಿಮ್ಮಣ್ಣ ಮ್ಯಾಲ ಬರಲಿ."

ಅವಳ ಕಿವಿ ಗಣಿಯ ಕಡೆ, ಕಣ್ಣು ನನ್ನ ಕೈಯ ಮೇಲೆ. ಊರಿನವರ ಹೊತ್ತಿಗೆ ಉಣ್ಣುತ್ತಿದ್ದೇನೆ. ಆದರೆ ಅವಳ ಹೆದರಿಕೆಯಲ್ಲಿ ಈಗ ಅಣ್ಣನ ಪಕ್ಕ ನನಗೂ ಒಂದು ಜಾಗವಿದೆ. ತುತ್ತು ಎತ್ತುವಾಗ ಕೈ ಅಲುಗದಂತೆ ನೋಡಿಕೊಳ್ಳುತ್ತೇನೆ.