ಅತ್ತಿಗೆಯ ಇನ್ನೂರ ಹನ್ನೆರಡು ಮಾತು

ನಮ್ಮ ಯಜಮಾನರಿಗೆ ಅವರ ಅಕ್ಕ ಇಟ್ಟ ಹೆಸರು ಕಿವಿರಾಯ. ಇಪ್ಪತ್ತೆಂಟು ವರ್ಷದಿಂದ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಕೆಲಸ. ಪಕ್ಕದ ಮನೆಯ ಫ್ರಿಜ್ಜು ಗುರುಗುಟ್ಟಿದರೂ ಇವರಿಗೆ ಕೇಳಿಸುತ್ತದೆ. ನಾನು ಮೂರು ಸಲ ಕೂಗಿದರೆ ಮಾತ್ರ ಕೇಳಿಸುವುದಿಲ್ಲ. ಯಾವ ಕೆಲಸವನ್ನೂ ಇಷ್ಟು ಸಾಕು ಎಂದು ಬಿಡುವ ಜಾಯಮಾನವಲ್ಲ. ಆ ಗುಣವೇ ನಮ್ಮನ್ನು ಹಾಳು ಮಾಡಿತು.

ಆ ಅಕ್ಕ, ಅಂದರೆ ನಮ್ಮ ಅತ್ತಿಗೆ, ನಮ್ಮ ಜೊತೆಯಲ್ಲೇ ಇರುವುದು. ಮಹಾ ಬಾಯಾಳಿ. ಗಂಟಲಲ್ಲಿ ಗಡ್ಡೆಯಾಗಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗ ಇವರು ಅಕ್ಕನನ್ನು ಹನ್ನೊಂದು ದಿನ ಮೈಕಿನ ಮುಂದೆ ಕೂರಿಸಿದರು. ಮುಂದೆ ಫೋನಿನಲ್ಲಿ ಒಂದೊಂದು ಗುಂಡಿ ಒತ್ತಿದರೆ ಒಂದೊಂದು ಮಾತು ಅವರದೇ ದನಿಯಲ್ಲಿ ಬರಬೇಕು, ಅದು ಯೋಚನೆ. "ಊಟ ಆಯ್ತಾ?" "ಫ್ಯಾನ್ ಆರ್ಸು." "ನಿನ್ ತಲೆ." ಒಟ್ಟು ಇನ್ನೂರ ಹನ್ನೆರಡು. ನನ್ನನ್ನು ಬೈಯುವುದಕ್ಕೇ ಹದಿನಾಲ್ಕು.

ಆಪರೇಷನ್ ಆಯಿತು. ಅತ್ತಿಗೆ ಚೀಟಿಯಲ್ಲಿ ಬರೆದು ಕೇಳತೊಡಗಿದರು: ಎಲ್ಲೋ ನನ್ನ ಮಾತು?

"ಇನ್ನೊಂದ್ ವಾರ ಇರಕ್ಕಾ. ಹಿಂದ್ಗಡೆ ಎ.ಸಿ. ಸದ್ದಿದೆ, ತೆಗ್ದು ಕೊಡ್ತೀನಿ."

"ಸದ್ದಿದ್ರೆ ಇರ್ಲಿ ಬಿಡ್ರೀ, ಹಾಗೇ ಕೊಡಿ" ಎಂದೆ ನಾನು. ಅತ್ತಿಗೆಯೂ ಅದನ್ನೇ ಬರೆದರು. ಕೇಳಿದರೆ ತಾನೇ!

ಹೀಗೆ ಒಂದು ವರ್ಷ. ಅಷ್ಟರಲ್ಲಿ ಇವರ ಹಳೆಯ ಕಂಪ್ಯೂಟರು ಒಳಗಿದ್ದದ್ದರ ಸಮೇತ ಸುಟ್ಟುಹೋಯಿತು. ಅತ್ತಿಗೆಯ ದನಿ ಉಳಿದದ್ದು ಹೊರಗಿನ ಒಂದು ಡಿಸ್ಕಿನಲ್ಲಿ ಮಾತ್ರ. ಸ್ಟುಡಿಯೋದವರು ಕೊಟ್ಟ ಹೊಸ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಬೇರೆ ಜಾತಿಯದು. ರೆಕಾರ್ಡಿಂಗಿನ ಅದೇ ಸಾಫ್ಟ್‌ವೇರ್ ಇದರಲ್ಲೂ ನಡೆಯುತ್ತದೆ, ಆದರೆ ಹಳೆಯದರಲ್ಲಿ ತಯಾರಾದ ಡಿಸ್ಕನ್ನು ಇದು ಓದುವುದಿಲ್ಲ. ತುಂಬಿದ್ದರೂ ಖಾಲಿ ಎಂದೇ ತಿಳಿಯುತ್ತದೆ. ಇವರಿಗೆ ಗೊತ್ತಿಲ್ಲದ್ದೇನಲ್ಲ, ಹತ್ತು ಜನಕ್ಕೆ ಹೇಳಿಕೊಟ್ಟವರು.

ಮೇಜಿನ ಮೇಲೆ ಒಂದೇ ಥರದ ಎರಡು ಕಪ್ಪು ಡಿಸ್ಕುಗಳಿದ್ದವು. ಒಂದರಲ್ಲಿ ಅತ್ತಿಗೆ, ಇನ್ನೊಂದು ನಿಜವಾಗಿ ಖಾಲಿ. ಖಾಲಿಯದನ್ನು ಹೊಸದಕ್ಕೆ ಹೊಂದಿಸೋಣವೆಂದು ಒಂದನ್ನು ಚುಚ್ಚಿದರು. ಫಾರ್ಮ್ಯಾಟ್ ಮಾಡಲೇ, ಅಂದರೆ ಇರುವುದನ್ನೆಲ್ಲ ಒರೆಸಿಹಾಕಲೇ, ಎಂದು ಕಂಪ್ಯೂಟರು ಕೇಳಿತು. ಎರಡರಲ್ಲಿ ಯಾವುದನ್ನು ಚುಚ್ಚಿದರೂ ಅದು ಹಾಗೇ ಕೇಳುತ್ತಿತ್ತು. ಹೂಂ ಎಂದು ಒತ್ತಿ, ಸ್ಟುಡಿಯೋದ ಜಾಹೀರಾತುಗಳನ್ನೆಲ್ಲ ಅದಕ್ಕೆ ತುಂಬಿಸಿ ಟೀ ಕುಡಿಯಲು ಹೋದರು. ಚುಚ್ಚಿದ್ದು ಅತ್ತಿಗೆಯ ಡಿಸ್ಕನ್ನೇ ಎಂದು ತಿಳಿದದ್ದು ಆಮೇಲೆ.

ಆ ಮಾತುಗಳ ಪ್ರಾಜೆಕ್ಟ್ ಫೈಲು ಮಾತ್ರ ಮೇಲ್‌ನಲ್ಲಿತ್ತು. ಅದು ಸಲೀಸಾಗಿ ತೆರೆದುಕೊಂಡಿತು. ಎಲ್ಲಿ ಕತ್ತರಿಸಬೇಕು, ಸದ್ದು ಎಷ್ಟು ಏರಿಸಬೇಕು ಎಂಬುದಷ್ಟೇ ಅದರಲ್ಲಿರುತ್ತದಂತೆ, ದನಿ ಇರುವುದಿಲ್ಲ. ಇನ್ನೂರ ಹನ್ನೆರಡು ತುಂಡುಗಳು ಹೆಸರಿನ ಸಮೇತ ಸಾಲಾಗಿ ನಿಂತವು. ಒಂದರಲ್ಲೂ ಎ.ಸಿ. ಸದ್ದು ಕೂಡ ಇರಲಿಲ್ಲ.

ಡಿಸ್ಕ್ ರಿಪೇರಿಯವನ ಬಳಿಗೆ ಓಡಿದರು. "ಬರೀ ಫಾರ್ಮ್ಯಾಟ್ ಆಗಿದ್ರೆ ನೋಡ್ಬಹುದಿತ್ತು ಸಾರ್. ಮೇಲೆ ಬೇರೆದು ತುಂಬ್ಬಿಟ್ಟಿದೀರಲ್ಲ" ಎಂದನಂತೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಅವತ್ತಿನಿಂದ ನಮ್ಮ ಮನೆಯ ಪ್ರತಿ ಡಿಸ್ಕಿಗೂ ಹೆಸರಿನ ಚೀಟಿ ಅಂಟಿದೆ.

ಹತ್ತು ದಿನ ಇವರು ಅಕ್ಕನಿಂದ ವಿಷಯ ಮುಚ್ಚಿಟ್ಟರು. ಭಾನುವಾರ ಬೆಳಿಗ್ಗೆ ನಾನೇ ಗದರಿದೆ: "ನೀವ್ ಹೇಳ್ತೀರೋ, ನಾನ್ ಹೇಳ್ಲೋ?" ಅತ್ತಿಗೆ ಬಟ್ಟೆ ಮಡಿಸುತ್ತಿದ್ದರು. ಇವರು ಹೋಗಿ ಎದುರಿಗೆ ನೆಲದ ಮೇಲೆ ಕೂತರು.

"ಅಕ್ಕಾ, ನಿನ್ ಮಾತೆಲ್ಲಾ ಹೋಯ್ತು. ನಾನೇ ಅಳಿಸ್ಬಿಟ್ಟೆ."

ಅತ್ತಿಗೆ ಬಟ್ಟೆ ಬಿಸಾಕಿ ಬಾಯಿತುಂಬ ಬೈದರು. ತುಟಿ ನೋಡಿದರೇ ಎಲ್ಲ ತಿಳಿಯುತ್ತಿತ್ತು, ಅಯೋಗ್ಯ ಅಂದದ್ದೂ. ಸದ್ದು ಮಾತ್ರ ಇಲ್ಲ. ಸುಸ್ತಾದ ಮೇಲೆ ಚೀಟಿ ತೆಗೆದುಕೊಂಡು ಬರೆದರು: ನೀನು ದಿನಾ ಕೇಳಿದ್ದೀಯಲ್ಲ, ನನ್ನ ದನಿ ಹೇಗಿತ್ತು ಹೇಳು. ನನಗೇ ಮರೆತುಹೋಗ್ತಿದೆ.

ಇವರ ಕಿವಿಯೊಳಗೆ ಅದೆಲ್ಲ ಇನ್ನೂ ಇದೆ, ನನಗೆ ಗೊತ್ತು. ಬಾಯಿ ತೆರೆದು, ಅಕ್ಕನ ಹಾಗೇ ಮಾತಿನ ಕೊನೆ ಎಳೆದು, "ಬಂದೇ, ಇರೋ" ಎಂದರು. ಬಂದದ್ದು ಐವತ್ತರ ಗಂಡಸಿನ ಒಡಕು ದನಿ. ಅತ್ತಿಗೆ ಅಲ್ಲವೆಂದು ತಲೆಯಾಡಿಸಿದರು. ಇವರು ಇನ್ನೊಂದು ಸಲ ಹೇಳಿದರು. ಅತ್ತಿಗೆ ಕಣ್ಣು ಮುಚ್ಚಿ ಕೇಳಿ, ಅದೂ ಅಲ್ಲವೆಂದು ಕೈಯಾಡಿಸಿದರು. ಮೂರನೆಯ ಸಲಕ್ಕೆ ಇವರು ಅತ್ತುಬಿಟ್ಟರು.