ನಡುವಿನ ಪುಲ್ಲಿ

ಶನಿವಾರ ಗುಜರಿಯವನು ಬಂದು ಡ್ರಿಲ್ ಮಷೀನನ್ನು ಹೇರಿಕೊಂಡು ಹೋಗುತ್ತಾನೆ ಎಂಬ ಸುದ್ದಿ ಬೈರಿಗೆಯಕ್ಕನಿಗೆ ಮುಟ್ಟಿದ್ದು ಸೋಮವಾರ ಬೆಳಿಗ್ಗೆ, ವೆಲ್ಡರಣ್ಣನ ಬಾಯಿಂದ. ಅವಳ ಮುಖ ನೋಡಿ ಹೇಳುವ ಧೈರ್ಯ ಯಜಮಾನರ ಮೇಜಿನ ಹಿಂದೆ ಕೂತವರಿಗೆ ಇರಲಿಲ್ಲ.

"ಮಿಷನ್ ಹೋದ್ರೆ ನಾನೇನು ಮಾಡಬೇಕಂತೆ?"

"ನಿಮಗೆ ಕೆಲಸ ಇದ್ದೇ ಇರುತ್ತಂತೆ ಅಕ್ಕ. ಮೊದಲಿನ ಹಾಗೆ ಕಸ ಗುಡಿಸೋದು, ಟೀ ತರೋದು."

ಅವಳು ಬಾಯಿ ಬಿಚ್ಚಿದ್ದರೆ ವೆಲ್ಡರಣ್ಣ ಕಿವಿ ಮುಚ್ಚಿಕೊಳ್ಳಬೇಕಾಗುತ್ತಿತ್ತು.

ಮೊದಲಿನ ಹಾಗೆ ಎಂದರೆ ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಗೇಟು, ಗ್ರಿಲ್ಲು, ಮೆಟ್ಟಿಲ ರೇಲಿಂಗು ಮಾಡುವ ಆ ಶೆಡ್ಡಿಗೆ ಅವಳು ಮೊದಲು ಕಾಲಿಟ್ಟದ್ದು ಪೊರಕೆ ಹಿಡಿದು. ದಿನಾ ಸಂಜೆ ಡ್ರಿಲ್ ಮಷೀನಿನ ಕೆಳಗೆ ಬಿದ್ದ ಲೋಹದ ಸುರುಳಿಗಳನ್ನು ಗುಡಿಸಬೇಕು. ಒಂದು ದಿನ ಸುರುಳಿ ಉದ್ದಕ್ಕೆ ಹೊಳೆಯುತ್ತಿತ್ತು, ಒಂದು ದಿನ ಬರೀ ಪುಡಿ, ಇನ್ನೊಂದು ದಿನ ಸುಟ್ಟು ನೀಲಿ ಹತ್ತಿದ ಚೂರು. ಬೇರೆ ಯಾರಾದರೂ ಆಗಿದ್ದರೆ ಗುಡಿಸಿ ಎಸೆದು ಮನೆಗೆ ಹೋಗುತ್ತಿದ್ದರು. ಇವಳು ಕೂತು ನೋಡಿದಳು. ವರ್ಷ ತುಂಬುವ ಮೊದಲೇ ಒಂದು ದಿನ ದೊಡ್ಡ ಯಜಮಾನರ ಮುಂದೆ ಮೊರದ ತುಂಬ ಕಸ ಹಿಡಿದು ನಿಂತು, "ನಿಮ್ಮ ಆಪರೇಟರು ವಾರದಿಂದ ಮೊಂಡು ಬಿಟ್‌ನಲ್ಲೇ ಕೊರೀತಿದ್ದಾರೆ" ಎಂದಳು. ಯಜಮಾನರು ಎದ್ದು ಹೋಗಿ ಕೊರೆಯುವ ಮೊನೆಯನ್ನು ಬೆರಳಿನಿಂದ ಸವರಿ ನೋಡಿದರು. ಮಾತು ನಿಜವಾಗಿತ್ತು. ಆಪರೇಟರು ಮುನಿಸಿಕೊಂಡು ತಿಂಗಳೊಳಗೆ ಕೆಲಸ ಬಿಟ್ಟ. ಯಜಮಾನರು ಮಷೀನಿನ ಹಿಡಿಯನ್ನು ಇವಳ ಕೈಗೆ ಕೊಟ್ಟರು. ಬೈರಿಗೆಯಕ್ಕ ಎಂಬ ಹೆಸರು ಆಮೇಲೆ ಅಂಟಿಕೊಂಡಿತು. ಅವಳು ತೂತು ಕೊರೆಯುತ್ತಾಳೆ ಎನ್ನುವುದಕ್ಕಿಂತ, ಒಂದು ವಿಷಯ ಗೊತ್ತಾಗುವವರೆಗೆ ಎದುರಿಗಿದ್ದವರ ತಲೆ ಕೊರೆಯುತ್ತಾಳೆ ಎಂದೇ ಆ ಹೆಸರು ಬಂದದ್ದು.

ಮಷೀನು ಅವಳಿಗಿಂತ ವಯಸ್ಸಿನಲ್ಲಿ ದೊಡ್ಡದು. ಬೀಡು ಕಬ್ಬಿಣದ ದಪ್ಪ ಕಂಬ, ಅಲ್ಲಲ್ಲಿ ಎದ್ದ ಹಸಿರು ಬಣ್ಣ, ಅಕ್ಷರವೆಲ್ಲ ಸವೆದುಹೋದ ಹಿತ್ತಾಳೆ ತಗಡು. ಇಷ್ಟು ವರ್ಷ ಅದು ಒಮ್ಮೆಯೂ ಅವಳ ಕೈ ಬಿಟ್ಟಿರಲಿಲ್ಲ. ಈಗ ಒಂದು ಆಸ್ಪತ್ರೆಯ ರೇಲಿಂಗ್ ಕೆಲಸ ಬಂದು ತಕರಾರು ಶುರುವಾಗಿತ್ತು. ಎಂಬತ್ತು ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟು, ಒಂದೊಂದಕ್ಕೂ ಒಂದು ಇಂಚಿನ ತೂತು. ಮೊದಲನೆಯ ಪ್ಲೇಟಿಗೆ ಬಿಟ್ ತಾಗಿದ್ದೇ ತಡ ಮಷೀನು ಕಿರುಚಿತು, ಹೊಗೆ ಎದ್ದಿತು, ಬಿಟ್‌ನ ಅಂಚು ಸುಟ್ಟು ನೀಲಿಯಾಯಿತು.

"ಮೆಲ್ಲಗೆ ಒತ್ತಿ ಅಕ್ಕ, ಮೆಲ್ಲಗೆ" ಎಂದರು ಅಳಿಯಂದಿರು.

ದೊಡ್ಡ ಯಜಮಾನರು ತೀರಿಕೊಂಡ ಮೇಲೆ ಮೇಜಿಗೆ ಬಂದವರು ಅವರ ಅಳಿಯ. ಅದಕ್ಕೆ ಮೊದಲು ಬಟ್ಟೆ ಅಂಗಡಿ ನಡೆಸುತ್ತಿದ್ದವರು. ಶೆಡ್ಡಿನವರೆಲ್ಲ ಅವರನ್ನು ಅಳಿಯಂದಿರು ಎಂದೇ ಕರೆಯುತ್ತಿದ್ದರು. ಅವರು ಕೊಟ್ಟದ್ದಕ್ಕಿಂತ ಕೆಟ್ಟ ಸಲಹೆ ಹುಡುಕಿಕೊಂಡು ಹೋದರೂ ಸಿಗುತ್ತಿರಲಿಲ್ಲ. ಸ್ಟೇನ್‌ಲೆಸ್ ಸ್ಟೀಲನ್ನು ಮೆಲ್ಲಗೆ ಉಜ್ಜಿದರೆ ಅದು ಇನ್ನಷ್ಟು ಗಟ್ಟಿಯಾಗಿ ಬಿಟ್‌ನ ಮೊನೆಯನ್ನೇ ತಿಂದುಹಾಕುತ್ತದೆ. ಅದಕ್ಕೆ ನಿಧಾನವಾಗಿ ತಿರುಗಬೇಕು, ಬಲವಾಗಿ ಒತ್ತಬೇಕು. ಈ ಮಷೀನಿನ ಅತಿ ಕಡಿಮೆ ವೇಗವೇ ನಿಮಿಷಕ್ಕೆ ನಾನೂರ ಎಂಬತ್ತು ಸುತ್ತು. ಅದರ ಮೂರನೇ ಒಂದು ಪಾಲು ಇದ್ದರೆ ಸಾಕಿತ್ತು.

ವೆಲ್ಡರಣ್ಣನ ಮಾತು ಕೇಳಿದ ಹತ್ತು ನಿಮಿಷಕ್ಕೆ ಅವಳು ಮೇಜಿನ ಮುಂದೆ ನಿಂತಿದ್ದಳು.

"ಮಿಷನ್ ಕೆಟ್ಟಿಲ್ಲ. ಓಡ್ತಿದೆ ಅಷ್ಟೆ. ಅದಕ್ಕೆ ನಡೆಯೋದು ಕಲಿಸ್ತೀನಿ. ಶನಿವಾರದವರೆಗೆ ಅದರ ಮೈ ಯಾರೂ ಮುಟ್ಟಬಾರದು."

ಅಳಿಯಂದಿರು ಫೋನಿನಿಂದ ಕಣ್ಣೆತ್ತಲಿಲ್ಲ. "ಹೋಗೋ ಮಿಷನ್ ತಾನೇ, ಏನು ಬೇಕಾದ್ರೂ ಮಾಡ್ಕೊಳ್ಳಿ. ಆದ್ರೆ ಅದಕ್ಕೆ ಅಂತ ಶೆಡ್ಡಿನ ಒಂದು ಬೋಲ್ಟೂ ಕೊಡಲ್ಲ, ಹೇಳಿದ್ದೀನಿ."

"ನಾನು ಕೇಳಿದ್ನಾ?" ಎಂದು ಅವಳು ತಿರುಗಿ ಬಂದಳು.

ಮಂಗಳವಾರ ಅವಳು ಮಾಡಿದ್ದು ತಪ್ಪು ಕೆಲಸ. ಮೋಟಾರಿನ ತುದಿಯಲ್ಲಿ ಬೆಲ್ಟು ಓಡಿಸುವ ಪುಲ್ಲಿ ಚಿಕ್ಕದಾದಷ್ಟೂ ವೇಗ ಇಳಿಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಹಾಗಾಗಿ ಪರಿಚಯದ ಗ್ಯಾರೇಜಿನಿಂದ ಬೆರಳಿನಷ್ಟು ದಪ್ಪದ ಪುಟ್ಟ ಪುಲ್ಲಿ ತಂದು ಹಾಕಿದಳು. ಬಿಟ್ ಸ್ಟೀಲಿಗೆ ತಾಗಿದ ತಕ್ಷಣ ಬೆಲ್ಟು ಜಾರಿತು, ಸುಟ್ಟ ರಬ್ಬರಿನ ವಾಸನೆ ಶೆಡ್ಡೆಲ್ಲ ತುಂಬಿತು.

"ಅಕ್ಕ, ಇವತ್ತೇನು ಅಡುಗೆ?" ಎಂದ ವೆಲ್ಡರಣ್ಣ. ಎಲ್ಲರೂ ನಕ್ಕರು. ಅವಳೂ ನಕ್ಕು, ಬೆಲ್ಟನ್ನು ಬಿಚ್ಚಿ ತೆಗೆದಳು.

ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚದೆ, ಬೆಲ್ಟನ್ನು ಕೈಯಲ್ಲೇ ತಿರುಗಿಸುತ್ತಾ ಕೂತಳು. ಪುಲ್ಲಿ ಅಷ್ಟು ಚಿಕ್ಕದಾದರೆ ಬೆಲ್ಟಿಗೆ ಹಿಡಿದುಕೊಳ್ಳಲು ಜಾಗವೇ ಇಲ್ಲ, ಸುಮ್ಮನೆ ಸವರಿಕೊಂಡು ಹೋಗುತ್ತದೆ. ಅಷ್ಟು ವೇಗವನ್ನು ಒಂದೇ ಏಟಿಗೆ ಇಳಿಸಲು ಹೋದದ್ದೇ ತಪ್ಪು. ನಡುವೆ ಒಂದು ಮೆಟ್ಟಿಲು ಬೇಕು. ಮೋಟಾರಿನಿಂದ ಒಂದು ಬೆಲ್ಟು ದೊಡ್ಡ ಚಕ್ರಕ್ಕೆ, ಅದೇ ಶಾಫ್ಟಿನ ಮೇಲೆ ಒಂದು ಚಿಕ್ಕ ಪುಲ್ಲಿ, ಅಲ್ಲಿಂದ ಇನ್ನೊಂದು ಬೆಲ್ಟು ಬಿಟ್ ತಿರುಗಿಸುವ ಪುಲ್ಲಿಗೆ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಗುಣಾಕಾರ ಭಾಗಾಕಾರ ಹಾಕಿದಳು. ನೂರ ಅರವತ್ತು ಬಂತು.

ಅವಳ ಗಂಡ ಬಡಗಿ. ಮನೆಯ ಹಿಂದಿನ ಚಪ್ಪರದಲ್ಲಿ ಮಂಚದ ಕಾಲು ಕಡೆಯುವ ಕೆಲಸ.

"ರೀ, ಒಂಬತ್ತು ಇಂಚಿನ ಚಕ್ರ ಬೇಕು. ಅಂಚಿನ ಸುತ್ತ ಬೆಲ್ಟ್ ಕೂರೋ ಹಾಗೆ ಕಾಲುವೆ ಥರ ಕೊರೀಬೇಕು."

ಅವನು ಉಳಿ ಕೆಳಗಿಟ್ಟ. "ಬೇರೆ ಹೆಂಗಸರು ಬಳೆ ಕೇಳ್ತಾರೆ. ಮದುವೆಯಾಗಿ ಇಷ್ಟು ವರ್ಷಕ್ಕೆ ನೀನು ಬಾಯಿಬಿಟ್ಟು ಕೇಳಿದ್ದು ಚಕ್ರಾನಾ?"

"ಬಳೆ ಹಾಕಿದ್ರೆ ಬೆಲ್ಟ್ ನಿಲ್ಲಲ್ಲ."

ಗಟ್ಟಿ ಮರದ ನಾಲ್ಕು ಹಲಗೆಗಳನ್ನು ಅಡ್ಡಡ್ಡ ಜೋಡಿಸಿ, ಅಂಟು ಹಾಕಿ, ಒತ್ತಿ ಒಣಗಿಸಿ ಗುರುವಾರ ಸಂಜೆ ಅವನು ಚಕ್ರ ಕಡೆದ. ಅವಳು ಬೆಲ್ಟನ್ನು ಇಟ್ಟು ನೋಡಿ, "ಇನ್ನೊಂದು ನೂಲು ಆಳ ಬೇಕು" ಎಂದು ವಾಪಸು ಕೊಟ್ಟಳು. ಅವನು ಗೊಣಗುತ್ತಾ ಮತ್ತೆ ಕಡೆದ. ಶಾಫ್ಟು, ಬೇರಿಂಗು ಎರಡೂ ಮನೆಯ ಮೂಲೆಯಲ್ಲಿ ಕೆಟ್ಟು ಕೂತಿದ್ದ ವಾಷಿಂಗ್ ಮಷೀನಿನವು. ಚಿಕ್ಕ ಪುಲ್ಲಿ, ಬೆಲ್ಟು, ದಪ್ಪ ತಗಡು, ಕೀಲು, ಬೋಲ್ಟುಗಳನ್ನು ಕೊಂಡು ತಂದಳು. ಶೆಡ್ಡಿನದು ಒಂದು ವಾಷರೂ ಇರಲಿಲ್ಲ.

ಶುಕ್ರವಾರ ಅದನ್ನೆಲ್ಲ ಒಂದು ತಗಡಿಗೆ ಕೂರಿಸಿ, ಗೇಟಿನ ಕೀಲಿನಂಥದ್ದೇ ಒಂದು ಕೀಲಿನಲ್ಲಿ ಮಷೀನಿನ ಬೆನ್ನಿಗೆ ನೇತುಹಾಕಿದಳು. ಅದರ ಭಾರಕ್ಕೇ ಎರಡು ಬೆಲ್ಟೂ ಬಿಗಿಯಾದವು. ಬಿಟ್ ಹಿಡಿಯುವ ಚಕ್ಕಿನ ಮೇಲೆ ಸೀಮೆಸುಣ್ಣದ ಒಂದು ಗೆರೆ ಎಳೆದು ಸ್ವಿಚ್ ಹಾಕಿದಳು. ಈ ಮೊದಲು ಅಂಥ ಗೆರೆ ತಿರುಗಿದರೆ ಬರೀ ಬಿಳಿ ಉಂಗುರ ಕಾಣುತ್ತಿತ್ತು. ಈಗ ಒಂದೊಂದು ಸುತ್ತಿಗೂ ಗೆರೆ ಬಂದು ಹೋಗುವುದು ಕಣ್ಣಿಗೆ ಸಿಕ್ಕಿತು. ಗೋಡೆ ಗಡಿಯಾರ ನೋಡಿಕೊಂಡು ಎಣಿಸಿದಳು. ಕಾಲು ನಿಮಿಷಕ್ಕೆ ನಲವತ್ತು.

ಪ್ಲೇಟನ್ನು ಬಿಗಿದು, ಎಣ್ಣೆ ಹನಿಸಿ, ಮೈಯ ಭಾರವನ್ನೆಲ್ಲ ಹಿಡಿಯ ಮೇಲೆ ಹಾಕಿದಳು. ಕಿರುಚಾಟ ಇಲ್ಲ. ಗುರುಗುರು ಎನ್ನುವ ಒಂದು ದಪ್ಪ ಸದ್ದು, ಬಿಟ್‌ನ ಎರಡೂ ಕಡೆಯಿಂದ ಬೆಳ್ಳಗೆ ಏಳುತ್ತಿದ್ದ ದಪ್ಪ ಸುರುಳಿ. ಎಲ್ಲೂ ನೀಲಿ ಇಲ್ಲ. ಬಿಟ್ ಆಚೆ ಕಡೆ ಹೊರಬಂದಾಗ ಪ್ಲೇಟನ್ನು ಮುಟ್ಟಿ ನೋಡಿದಳು, ಬರೀ ಬೆಚ್ಚಗಿತ್ತು. ಅವಳಿಗೆ ಅಳು ಬಂತು, ಜೊತೆಗೆ ಯಾರಿಗಾದರೂ ಬಾರಿಸಬೇಕು ಎನ್ನುವಷ್ಟು ಸಿಟ್ಟೂ ಬಂತು. ಇಷ್ಟಕ್ಕೆ ಇದನ್ನು ಗುಜರಿಗೆ ಹಾಕುತ್ತಿದ್ದರಲ್ಲ ಎಂದುಕೊಂಡಳು.

ಶನಿವಾರ ಗುಜರಿಯವನು ಬರಿಗೈಯಲ್ಲಿ ಹಿಂತಿರುಗಿದ. ಅಷ್ಟರಲ್ಲಿ ಇಪ್ಪತ್ತು ಪ್ಲೇಟು ಮುಗಿದಿದ್ದವು. ಅಳಿಯಂದಿರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, "ಪರವಾಗಿಲ್ವೇ" ಎಂದರು.

ಸೋಮವಾರ ಬಂದು ನೋಡಿದರೆ ಮಷೀನಿನ ಮುಂದೆ ಬೇರೆ ಯಾರೋ ನಿಂತಿದ್ದರು. ಅಳಿಯಂದಿರ ಚಿಕ್ಕಪ್ಪನ ಮಗ, ನಲವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಅಂಗಿ.

"ಇವನಿಗೆ ಸರ್ಟಿಫಿಕೇಟ್ ಇದೆ ಅಕ್ಕ," ಅಳಿಯಂದಿರು ನಗುಮುಖದಲ್ಲೇ ಹೇಳಿದರು. "ಮಿಷನ್ ಹೇಗೂ ಸರಿಯಾಯ್ತಲ್ಲ, ಇನ್ನು ಇವನು ನೋಡ್ಕೊಳ್ತಾನೆ. ನಿಮಗೂ ವಯಸ್ಸಾಯ್ತು. ಆರಾಮಾಗಿ ಕಸ ಗುಡಿಸ್ಕೊಂಡು ಇರಿ."

ವೆಲ್ಡರಣ್ಣ ತಲೆ ತಗ್ಗಿಸಿದ. ಬೈರಿಗೆಯಕ್ಕ ಚೀಲದಿಂದ ಸ್ಪ್ಯಾನರ್ ತೆಗೆದಳು. ಮಷೀನಿನ ಬೆನ್ನ ಕಡೆ ಹೋಗಿ ಒಂದೊಂದೇ ಬೋಲ್ಟು ಬಿಚ್ಚತೊಡಗಿದಳು.

"ಏನ್ ಮಾಡ್ತಿದ್ದೀರಿ?"

"ನಮ್ಮನೆ ಸಾಮಾನು ನಮ್ಮನೆಗೆ ತಗೊಂಡು ಹೋಗ್ತಿದ್ದೀನಿ. ಮಿಷನ್ ನಿಮ್ಮದು, ಹೇಗಿತ್ತೋ ಹಾಗೇ ಬಿಟ್ಟು ಹೋಗ್ತೀನಿ."

ಹಳೆಯ ಬೆಲ್ಟನ್ನು ಅದರ ಜಾಗಕ್ಕೇ ಹಾಕಿ, ಕೈಯಲ್ಲಿ ತಿರುಗಿಸಿ ಸರಿಯಿದೆ ಎಂದು ತೋರಿಸಿಯೇ ಅವಳು ಹೊರಬಿದ್ದಳು.

ಎರಡು ದಿನದಲ್ಲಿ ಸರ್ಟಿಫಿಕೇಟಿನವನು ಮೂರು ಬಿಟ್ ಸುಟ್ಟ, ನಾಲ್ಕು ಪ್ಲೇಟು ಹಾಳು ಮಾಡಿದ. ಅಂಥದ್ದೇ ಒಂದು ಪುಲ್ಲಿ ಮಾಡಿಕೊಡು ಎಂದು ಅಳಿಯಂದಿರು ವೆಲ್ಡರಣ್ಣನನ್ನು ಕೇಳಿದರಂತೆ. "ನನಗೆ ಸುಡೋದು ಗೊತ್ತು ಸರ್, ಕಡೆಯೋದು ಗೊತ್ತಿಲ್ಲ" ಎಂದು ಅವನು ಕೈ ಕೊಡವಿಬಿಟ್ಟನಂತೆ. ಆಸ್ಪತ್ರೆಯವರು ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದರು. ಬುಧವಾರ ಬೆಳಿಗ್ಗೆ ಅಳಿಯಂದಿರು ಬಡಗಿಯ ಚಪ್ಪರದಲ್ಲಿ ಮರದ ಹೊಟ್ಟಿನ ನಡುವೆ ನಿಂತಿದ್ದರು.

"ಅವಳನ್ನೇ ಕೇಳಿ," ಬಡಗಿ ಕೆಲಸ ನಿಲ್ಲಿಸದೆ ಹೇಳಿದ. "ನಾನು ಬರೀ ಚಕ್ರ ಮಾಡಿದೋನು." ಮಾತು ಕೇಳಿ ಬೈರಿಗೆಯಕ್ಕ ಮನೆಯೊಳಗಿಂದ ಹೊರಗೆ ಬಂದಳು.

"ಪುಲ್ಲಿಗೆ ಎಷ್ಟಾಗುತ್ತೋ ಹೇಳಿ ಅಕ್ಕ, ಕೊಟ್ಟುಬಿಡ್ತೀನಿ."

"ಮಾರೋದಕ್ಕೆ ಮಾಡಿದ್ದಲ್ಲ. ಅದು ಬಂದ್ರೆ ನನ್ನ ಜೊತೆ ಬರುತ್ತೆ. ಮಿಷನ್ ಮುಂದೆ ನಿಲ್ಲೋದು ನಾನು. ಇನ್ನು ಕಸ, ಅದನ್ನ ಯಾರು ಮಾಡ್ತಾರೋ ಅವರೇ ಗುಡಿಸ್ಲಿ."

ಅಳಿಯಂದಿರು ಬಡಗಿಯ ಮುಖ ನೋಡಿದರು. ಅವನು ಮಂಚದ ಕಾಲನ್ನೇ ನೋಡುತ್ತಿದ್ದ. "ಆಗ್ಲಿ" ಎಂದು ಒಪ್ಪಿಕೊಂಡರು.

ಗುರುವಾರ ಅವಳು ಪುಲ್ಲಿ ಕೂರಿಸಿ ಇಪ್ಪತ್ತೆರಡು ಪ್ಲೇಟು ಕೊರೆದಳು. ಐದೂವರೆಗೆ ಕೈ ತೊಳೆದು ಬಂದು, ಸ್ಪ್ಯಾನರ್ ಹಿಡಿದು ಮತ್ತೆ ಮಷೀನಿನ ಬೆನ್ನ ಕಡೆ ಹೋದಳು. ಅಳಿಯಂದಿರು ಮೇಜು ಬಿಟ್ಟು ಎದ್ದು ಬಂದರು.

"ದಿನಾ ಬಿಚ್ಚಿ ಹಾಕೋ ಕಷ್ಟ ಯಾಕಕ್ಕ? ಇಲ್ಲೇ ಇರ್ಲಿ ಬಿಡಿ. ಬಾಗಿಲಿಗೆ ಎರಡೆರಡು ಬೀಗ ಹಾಕ್ತೀವಿ, ಯಾವ ಕಳ್ಳ ಬರ್ತಾನೆ?"

"ಕಳ್ಳ ಬರಲ್ಲ, ಗೊತ್ತು," ಎಂದಳು ಬೈರಿಗೆಯಕ್ಕ, ಕೊನೆಯ ಬೋಲ್ಟನ್ನು ಬಿಚ್ಚುತ್ತಾ. "ಬೀಗದ ಕೈ ನಿಮ್ಮ ಹತ್ರಾನೇ ಇದೆಯಲ್ಲ."

ಪುಲ್ಲಿಯನ್ನು ಚೀಲಕ್ಕೆ ಹಾಕಿಕೊಂಡು ಅವಳು ಮನೆಗೆ ಹೊರಟಳು.