ನಿನ್ನೆ ಏನಾಯ್ತವ್ವ?

ಟೀಚರ ಎಡಗೈಯ ತೋರುಬೆರಳು ನಡುವಿನ ಗೆಣ್ಣಿಗೇ ಮುಗಿದುಬಿಡುತ್ತಿತ್ತು. ತುದಿಯಲ್ಲಿ ಉಗುರಿಲ್ಲ, ಚರ್ಮ ಒಳಕ್ಕೆ ಸೇದಿಕೊಂಡು ಮೂಟೆಯ ಬಾಯಿ ಹೊಲಿದ ಹಾಗೆ ಗಂಟಾಗಿತ್ತು. ವಯಸ್ಸಿನಲ್ಲಿ ಪೀಣ್ಯದ ಯಾವುದೋ ಶೆಡ್ಡಿನಲ್ಲಿ ಪ್ರೆಸ್ ಮೆಷಿನ್ ಮುಂದೆ ಕೂತಿದ್ದಾಗ ಹೋದದ್ದಂತೆ. ಬೇರೆ ಯಾರಾದರೂ ಆಗಿದ್ದರೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಇವರು ಅದನ್ನೇ ಪಾಠಕ್ಕೆ ಹಚ್ಚಿದ್ದರು. ಲಗ್ಗೆರೆಯ ನಮ್ಮ ಬೀದಿಯ ಅಂಗನವಾಡಿಯಲ್ಲಿ ಮಕ್ಕಳು ಎಣಿಕೆ ಕಲಿಯುತ್ತಿದ್ದದ್ದು ಟೀಚರ ಎರಡು ಕೈಗಳನ್ನು ಹಿಡಿದುಕೊಂಡು. ಹಾಗಾಗಿ ನಮ್ಮ ಬೀದಿಯ ಮಕ್ಕಳಿಗೆಲ್ಲ ಒಂಬತ್ತಾದ ಮೇಲೆ ಒಂಬತ್ತೂವರೆ ಬರುತ್ತಿತ್ತು. ಹತ್ತು ಎನ್ನುವುದಕ್ಕೆ ಅವರು ತಮ್ಮ ಮೂಗು ಮುಟ್ಟಿ ತೋರಿಸುತ್ತಿದ್ದರು.

ನಾನು ಕೊಪ್ಪಳದ ಕಡೆಯವಳು. ಗಂಡ ಲೇತ್ ಮೆಷಿನ್ ಆಪರೇಟರ್. ನಾನು ಗಾರ್ಮೆಂಟ್ಸಿನಲ್ಲಿ ಚೆಕ್ಕರ್. ಹೊಲಿದು ಬಂದ ಅಂಗಿಗಳನ್ನು ಒಳಗೂ ಹೊರಗೂ ಮಗುಚಿ, ಬಿಟ್ಟುಹೋದ ಹೊಲಿಗೆ, ವಾರೆಯಾದ ಗುಂಡಿ ಹುಡುಕಿ ಸ್ಟಿಕ್ಕರ್ ಅಂಟಿಸುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ತಪ್ಪು ಹುಡುಕಿದವಳಿಗೆ ಮನೆಗೆ ಬಂದ ಮೇಲೂ ಆ ಚಾಳಿ ಬಿಡುತ್ತಿರಲಿಲ್ಲ. ನನ್ನ ಗಂಡ ನಗುತ್ತಲೇ ಹೇಳುತ್ತಿದ್ದರು, ಅನ್ನದ ಅಗುಳಿಗೂ ನೀನು ಸ್ಟಿಕ್ಕರ್ ಅಂಟಿಸುತ್ತೀ ಎಂದು.

ಎರಡೂವರೆ ವರ್ಷದ ಮಗಳನ್ನು ಟೀಚರ ಕೈಗೆ ಒಪ್ಪಿಸಿ ನಾನು ಕೆಲಸಕ್ಕೆ ಓಡುತ್ತಿದ್ದೆ. ಅಂಗನವಾಡಿ ಮುಚ್ಚುವುದು ನಾಲ್ಕು ಗಂಟೆಗೆ, ನಾನು ಮರಳುವುದು ಆರಕ್ಕೆ. ಆ ಎರಡು ತಾಸು ಅವರು ಅವಳನ್ನು ತಮ್ಮೊಂದಿಗೇ ಇಟ್ಟುಕೊಳ್ಳುತ್ತಿದ್ದರು. ಇಟ್ಟುಕೊಳ್ಳಿ ಎಂದು ನಾನು ಕೇಳಿರಲಿಲ್ಲ, ಇಟ್ಟುಕೊಳ್ಳುತ್ತೇನೆ ಎಂದು ಅವರೂ ಹೇಳಿರಲಿಲ್ಲ. ಮೊದಲ ದಿನ ನಾನು ಏದುಸಿರು ಬಿಡುತ್ತಾ ಬಂದು ನೋಡಿದಾಗ ಇಬ್ಬರೂ ಜಗಲಿಯಲ್ಲಿ ಕೂತು ಹುಣಸೆಬೀಜ ಆರಿಸುತ್ತಿದ್ದರು, ಅಷ್ಟೆ.

ಅವರ ಹತ್ತಿರ ಅಕ್ಷರದ ಸದ್ದೇ ಇರಲಿಲ್ಲ. ಗೋಡೆಯ ಮೇಲೆ ಇಲಾಖೆಯವರು ಬರೆಸಿದ್ದ ಅ ಆ ಇ ಈ ಮಾಸಿಹೋಗುತ್ತಿತ್ತು. ಮಕ್ಕಳು ಮರಳಲ್ಲಿ ಆಡುವುದು, ಒದ್ದೆ ಬಟ್ಟೆ ಹಿಂಡುವುದು, ತಮ್ಮ ಗುಂಡಿ ತಾವೇ ಹಾಕಿಕೊಳ್ಳುವುದು, ಹಾಡು ಹೇಳುವುದು. ಇವೆಲ್ಲಕ್ಕಿಂತ ಮೊದಲು, ಬೆಳಿಗ್ಗೆ ಬಂದ ಕೂಡಲೆ ಸುತ್ತ ಕೂರಿಸಿಕೊಂಡು ಒಬ್ಬೊಬ್ಬರನ್ನೇ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನಿನ್ನೆ ಏನಾಯ್ತವ್ವ?"

ಇವತ್ತಿನದನ್ನು ಇವತ್ತೇ ಹೇಳುವ ಹಾಗಿಲ್ಲ. ಯಾವುದಾದರೂ ಮಗು, ಟೀಚರ್, ಈಗ ನಾಯಿ ನೋಡಿದೆ ಎಂದರೆ "ನಾಳೆ ಯೋಳೀವಂತೆ, ಮಡಿಕ್ಕೊ" ಎನ್ನುತ್ತಿದ್ದರು. ಯಾಕೆಂದು ನಾನೊಮ್ಮೆ ಕೇಳಿದೆ. "ಇವತ್ತಿಂದು ಇವತ್ತೇ ಯೋಳುದ್ರೆ ಕಣ್ಣು ಯೋಳ್ತದೆ. ನಾಳೀಕೆ ಯೋಳುದ್ರೆ ತಲೆ ಯೋಳ್ತದೆ" ಎಂದರು. ಮಾಗಡಿ ಕಡೆಯ ಅವರ ಮಾತು ನನಗೆ ಮೊದಮೊದಲು ಅರ್ಧ ಅರ್ಥವಾಗುತ್ತಿತ್ತು.

ನನ್ನ ಮಗಳು ಈ ಆಟದಲ್ಲಿ ಎಲ್ಲರನ್ನೂ ಮೀರಿಸಿದವಳು. ಒಂದು ಬೆಳಿಗ್ಗೆ ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ. "ನಿನ್ನೆ ನಮ್ಮನೀಗೆ ಆನಿ ಬಂದಿತ್ತು. ಸಿಲಿಂಡರ್ ಹೊತ್ಕೊಂಡು ಬಂದಿತ್ತು. ಮೆಟ್ಲ ಮ್ಯಾಲೆ ಹಿಡೀಲಿಲ್ಲ. ಅದಕ್ಕ ಅಳ್ತು." ಸಿಲಿಂಡರ್ ಬಂದದ್ದು ನಿಜ, ತಂದವನು ಸ್ವಲ್ಪ ದಪ್ಪಗಿದ್ದದ್ದೂ ನಿಜ. ನಾನು ಬಾಗಿಲಿನಿಂದಲೇ, "ಏ, ಸುಳ್ಳ ಹೇಳಬಾರದು!" ಎಂದೆ. ಟೀಚರ್ ನನ್ನತ್ತ ತಿರುಗಿ ತುಟಿಯ ಮೇಲೆ ಆ ಮೊಂಡು ಬೆರಳಿಟ್ಟು ಸುಮ್ಮನಿರಿಸಿದರು. ಆಮೇಲೆ ಮಗಳನ್ನು ಕೇಳಿದರು, "ಅಳ್ತಾ? ಆಮ್ಯಾಕೆ?" ಕೇಳುವಾಗ ಅವರು ಎರಡೂ ತುಟಿ ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದರು. ಎಷ್ಟು ತೊದಲಿದರೂ, ಎಷ್ಟು ಸುತ್ತಿದರೂ ಒಂದು ಮಾತನ್ನೂ ತಿದ್ದುತ್ತಿರಲಿಲ್ಲ. ಅದನ್ನು ನೋಡಿದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಮಗಳಿಗೆ ಮೂರೂವರೆ ಆಯಿತು. ಮುಖ್ಯರಸ್ತೆಯಲ್ಲಿ ಪ್ಲೈವುಡ್ ಅಂಗಡಿಯ ಮೇಲಿನ ಎರಡು ಮಹಡಿಗಳಲ್ಲಿ ಒಂದು ಕಾನ್ವೆಂಟ್ ಇತ್ತು. ಎಲ್‌ಕೆಜಿಗೆ ಸೇರಿಸಲು ಕೇಳಿಕೊಂಡು ಹೋದೆ. ಆಫೀಸಿನ ಮೇಡಂ ಕೇಳಿದ ಮೊದಲ ಮಾತು, "ಮಗುಗೆ ರೀಡಿಂಗ್ ಬರುತ್ತಾ?"

"ಓದಾಕ ಕಲಿಸಲಿ ಅಂತನ ಕರ್ಕೊಂಡು ಬಂದೀನ್ರಿ ಮೇಡಂ" ಎಂದೆ.

"ಎಲ್ರೂ ಓದ್ಕೊಂಡೇ ಬರ್ತಾರೆ ಕಣ್ರೀ. ಎರಡು ತಿಂಗಳು ಬಿಟ್ಟು ಇಂಟರ್‌ವ್ಯೂ ಇದೆ. ಚಿಕ್ಕ ಚಿಕ್ಕ ವರ್ಡ್ಸ್ ಓದ್ಬೇಕು. ಇಲ್ಲಾಂದ್ರೆ ಈ ವರ್ಷ ಕಷ್ಟ."

ಈ ವರ್ಷ ತಪ್ಪಿದರೆ ಮುಂದಿನ ವರ್ಷ ಯುಕೆಜಿಗೆ ಇಲ್ಲ, ಅದೂ ತಪ್ಪಿದರೆ ಒಂದನೇ ಕ್ಲಾಸಿಗೆ ಅಲ್ಲಿ ಜಾಗವಿಲ್ಲ. ಇನ್ನೆರಡು ಕಾನ್ವೆಂಟುಗಳಿಗೆ ಅಲೆದೆ. ಅಲ್ಲಿಯೂ ಅದೇ ರಾಗ. ಮನೆಗೆ ಬಂದು ಗಂಡನ ಮುಂದೆ ಹೇಳಿದೆ. ಅವರು, "ಎರಡನೇ ಕ್ಲಾಸಿಗೆ ಬಂದ್ಮ್ಯಾಲ ಅಕ್ಷರ ಕಲ್ತಾವ ನಾ. ಇವತ್ತಿಗೂ ಕೆಲಸದಾಗ ಡ್ರಾಯಿಂಗ್ ಶೀಟ್ ಮ್ಯಾಲಿನ ಇಂಗ್ಲಿಷ್ ಓದಾಕ ಮಂದಿ ಮಾರಿ ನೋಡ್ತೀನಿ. ನನ್ ಮಗಳು ಹಂಗ ನಿಂದ್ರಬಾರದು" ಎಂದರು. ಅವರ ಮಾತು ನನಗೆ ಸರಿಯೆನಿಸಿತು. ಈಗಲೂ ಅನಿಸುತ್ತದೆ.

ಮರುದಿನ ಬೆಳಿಗ್ಗೆ, ಮಗಳಿಗೆ ಓದಲು ಕಲಿಸಿ ಎಂದು ಟೀಚರನ್ನು ಕೇಳಿದೆ. ಅವರು ಒಪ್ಪಲಿಲ್ಲ. "ಬಾಯಿ ಬಲೀಲಿ ತಡಿಯವ್ವ. ಇನ್ನೂ ಮಾತು ಕೂಡುಸ್ಕತಾ ಐತೆ ಮಗ. ಇವಾಗ್ಲೇ ಅಕ್ಷರ ತುರುಕುದ್ರೆ ಮಾತು ಎಲ್ಲಿಗೋಗ್ಬೇಕು?" ಎಂದರು. ಎರಡನೆಯ ದಿನ ಕೇಳಿದೆ, ಮೂರನೆಯ ದಿನವೂ ಕೇಳಿದೆ. ಮೂರನೆಯ ದಿನ ನನಗೆ ತಾಳ್ಮೆ ಕೆಟ್ಟಿತು. ಬಾಗಿಲಲ್ಲಿ ನಾಲ್ಕಾರು ತಾಯಂದಿರು ನಿಂತಿದ್ದರು. ಅವರೆಲ್ಲರ ಎದುರಿಗೆ ಅಂದುಬಿಟ್ಟೆ:

"ನಿಮಗ ಓದ್ಸಾಕ ಬರಂಗಿಲ್ಲ. ಅದಕ್ಕ ಆಟ ಆಡಿಸ್ಕೋತ ಕುಂತೀರಿ. ಬಡವರ ಮಕ್ಳು ಹಿಂಗ ಇರ್ಲಿ ಅಂತೀರಿ!"

ಅವರು ಕಿಚಡಿಯ ಪಾತ್ರೆ ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ. ನನಗೆ ಆ ಹೊತ್ತಿನಲ್ಲಿ ಗೆದ್ದ ಹಾಗೆ ಅನಿಸಿತು. ದೇವರಾಣೆ, ಹಾಗೆಯೇ ಅನಿಸಿತು.

ಅವತ್ತು ಸಂಜೆ ಆರಕ್ಕೆ ಬಂದಾಗ ಮಗಳು ಜಗಲಿಯಲ್ಲಿ ಅವರ ತೊಡೆಯ ಮೇಲಿದ್ದಳು. ಮುಂದೆ ಸ್ಲೇಟು. ಸ್ಲೇಟಿನ ಮೇಲೆ ಹುಣಸೆಬೀಜಗಳನ್ನು ಅಕ್ಷರದಂತೆ ಜೋಡಿಸಿದ್ದರು, ಮಗಳು ಬೀಜಗಳ ಮೇಲೆ ಬೆರಳಾಡಿಸುತ್ತಿದ್ದಳು. ಟೀಚರ್ ತಲೆಯೆತ್ತದೆ ಹೇಳಿದರು, "ನಾನೇ ಕಲಿಸ್ತೀನಿ ಬುಡು. ಬ್ಯಾರೆಯೋರಾದ್ರೆ ಒಡೆದು ಬಡಿದು ಕಲಿಸ್ಬುಡ್ತಾರೆ."

ಎರಡು ತಿಂಗಳು ಹೀಗೇ ನಡೆಯಿತು, ಕನ್ನಡ ಅಕ್ಷರ, ಇಂಗ್ಲಿಷ್ ಅಕ್ಷರ ಎರಡೂ. ಅವರಿಗೆ ಕಲಿಸಲು ಬರುತ್ತಿತ್ತು, ಬಹಳ ಚೆನ್ನಾಗಿಯೇ ಬರುತ್ತಿತ್ತು. ಒಂದು ದಿನವೂ ಗದರಲಿಲ್ಲ, ಮಗು ಆಕಳಿಸಿದರೆ ಸ್ಲೇಟು ಮಗುಚಿಡುತ್ತಿದ್ದರು. ಒಂದು ಸಂಜೆ ನಾನಾಗಿಯೇ, ಅವತ್ತು ಹಾಗೆ ಅನ್ನಬಾರದಿತ್ತು ಎಂದೆ. ಅವರು ತಮ್ಮ ಮಗನ ವಿಷಯ ಹೇಳಿದರು.

"ನನ್ ಮಗುಂಗೆ ನಾನು ಮೂರು ವರ್ಸಕ್ಕೇ ಓದ್ಸಿದ್ದೆ ಕಣವ್ವ. ಪೀಣ್ಯದಾಗಿನ ಶೆಡ್ ಬೋರ್ಡೆಲ್ಲ ಓದೋನು. ಓನರ್ ಮುಂದೆ ನಿಲ್ಲುಸಿ ಓದ್ಸಿ ಮೆರೆದೆ. ಐದ್ನೇ ಕ್ಲಾಸ್ಗೆ ಬತ್ತಿದ್ದಂಗೆ ಪುಸ್ತಕ ಕಂಡ್ರೆ ಮಂಚದ್ ಕೆಳಗೋಗಿ ಕೂತ್ಕಳೋನು. ನಾನು ಕಲ್ಸಿದ್ದಕ್ಕೇ ಅಂಗಾಯ್ತೋ, ಬ್ಯಾರೆ ಯಾತಕ್ಕೋ. ನಂಗಂತೂ ಗೊತ್ತಾಗ್ಲಿಲ್ಲ. ಇವತ್ತಿಗೂ ಗೊತ್ತಿಲ್ಲ."

ಆ ಮಗ ಈಗ ಟ್ಯಾಕ್ಸಿ ಓಡಿಸುತ್ತಾನೆ. ಅಷ್ಟು ಹೊತ್ತಿಗೆ ನಮಗೂ ಇಂಟರ್‌ವ್ಯೂಗೆ ಹತ್ತೇ ದಿನ ಉಳಿದಿತ್ತು. ನಾನು ಅವರ ಮಾತನ್ನು ಕೇಳಿಸಿಕೊಂಡೆ, ಮಗಳನ್ನು ಮಾತ್ರ ಪಾಠದಿಂದ ಬಿಡಿಸಲಿಲ್ಲ.

ಇಂಟರ್‌ವ್ಯೂನಲ್ಲಿ ಮೇಡಂ ಒಂದೊಂದೇ ಕಾರ್ಡು ಎತ್ತಿ ಹಿಡಿದರು. ಮಗಳು ಒಂದನ್ನೂ ತಪ್ಪಲಿಲ್ಲ. ಕೊನೆಗೆ ಮೇಡಂ ಕಾರ್ಡುಗಳನ್ನೆಲ್ಲ ಪಕ್ಕಕ್ಕಿಟ್ಟು, "ಮನೇಲಿ ಯಾರ್ಯಾರಿದ್ದೀರಾ ಪುಟ್ಟಿ?" ಎಂದು ಕೇಳಿದರು. ಆನೆಯ ಹೆಗಲಿಗೆ ಸಿಲಿಂಡರ್ ಹೊರಿಸಿದ ನನ್ನ ಮಗಳು ಮೇಡಂ ಕೈ ನೋಡಿದಳು, ಮೇಜಿನ ಮೇಲೆ ನೋಡಿದಳು. ಅವಳು ಕಾರ್ಡು ಹುಡುಕುತ್ತಿದ್ದಳು. "ಪರವಾಗಿಲ್ಲ, ರೀಡಿಂಗ್ ಇದೆಯಲ್ಲ" ಎಂದು ಮೇಡಂ ಸೇರಿಸಿಕೊಂಡರು. ನಾನು ದಾರಿಯಲ್ಲಿ ಅವಳಿಗೆ ಜಿಲೇಬಿ ಕೊಡಿಸಿ ಬೀದಿಗೆಲ್ಲ ಸುದ್ದಿ ಹೇಳಿದೆ.

ಸುದ್ದಿ ಹೇಳಿದ್ದೇ ತಪ್ಪಾಯಿತು. ಮರುವಾರವೇ ಉಳಿದ ತಾಯಂದಿರು ಟೀಚರನ್ನು ಮುತ್ತಿಕೊಂಡರು. ನನ್ನ ಮಗಳಿಗೆ ಕಲಿಸಿ ತಮ್ಮ ಮಕ್ಕಳಿಗೆ ಯಾಕಿಲ್ಲ ಎಂದು ಅವರು ಕೇಳಿದರೆ ಟೀಚರ್ ಏನೆಂದಾರು? ಜಗಲಿಯ ತುಂಬ ಸ್ಲೇಟುಗಳಾದವು. ಓದಲು ಬಂದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಕಾನ್ವೆಂಟಿಗೆ ಹೋದರು. ಮುಂದಿನ ವರ್ಷ ಅಂಗನವಾಡಿಯಲ್ಲಿ ಉಳಿದದ್ದು ಇನ್ನೂ ಮಾತು ಬಾರದ ಕೂಸುಗಳು ಮತ್ತು ಮೊಟ್ಟೆ ತೆಗೆದುಕೊಳ್ಳಲು ಬರುವ ಬಸುರಿಯರು. ಬೆಳಿಗ್ಗೆ ಸುತ್ತ ಕೂತು ನಿನ್ನೆಯ ಸುದ್ದಿ ಹೇಳಲು ಯಾರೂ ಇರಲಿಲ್ಲ. ಮರಳಿನ ಗುಡ್ಡೆಯಲ್ಲಿ ಬೆಕ್ಕು ಮಲಗುತ್ತಿತ್ತು.

ಮಗಳು ಓದಿದಳು. ಬಸ್ಸಿನ ಬೋರ್ಡು, ಬಿಸ್ಕತ್ತಿನ ಪೊಟ್ಟಣ, ನನ್ನ ಫೋನಿಗೆ ಬಂದ ಮೆಸೇಜು, ಎಲ್ಲವನ್ನೂ. ಅವಳಪ್ಪ ಡ್ರಾಯಿಂಗ್ ಶೀಟೊಂದರ ಫೋಟೋ ತಂದು ಅವಳಿಂದ ಓದಿಸಿ ಕಣ್ಣು ತುಂಬಿಕೊಂಡರು. ಆ ಸಂತೋಷವನ್ನು ನಾನು ಸುಳ್ಳೆನ್ನಲಾರೆ. ಆದರೆ ಅವಳು ಕಥೆ ಹೇಳುವುದು ನಿಂತಿತ್ತು. ನಿನ್ನೆ ಏನಾಯಿತು, ಸ್ಕೂಲಿನಲ್ಲಿ ಏನಾಯಿತು ಎಂದು ಕೇಳಿದರೆ "ನಥಿಂಗ್ ಮಮ್ಮಿ" ಎನ್ನುವಳು. ಒತ್ತಾಯಿಸಿದರೆ ನನ್ನ ಮುಖ ನೋಡುವಳು, ಯಾವ ಉತ್ತರಕ್ಕೆ ಸರಿ ಗುರುತು ಬೀಳುತ್ತದೆ ಎಂದು ಹುಡುಕುವವಳ ಹಾಗೆ. ಆಡುವ ಮಾತೇ ಇಲ್ಲದ ಮೇಲೆ ತಪ್ಪೆಲ್ಲಿಂದ ಬರಬೇಕು! ಚೆಕ್ಕರ್‌ಗೆ ಹುಡುಕಲು ಏನೂ ಉಳಿದಿರಲಿಲ್ಲ.

ಬೇಗ ಓದಿಸಿದ್ದಕ್ಕೇ ಹೀಗಾಯಿತೋ, ಆ ಕಾನ್ವೆಂಟಿನಿಂದಲೋ, ಬಾಗಿಲಲ್ಲಿ ನಿಂತು ಸುಳ್ಳು ಹೇಳಬೇಡ ಎಂದು ಕೂಗಿದ ನನ್ನಿಂದಲೋ, ಇಲ್ಲಾ ಮಕ್ಕಳು ಬೆಳೆಯುವುದೇ ಹೀಗೋ, ನನಗೆ ಗೊತ್ತಿಲ್ಲ. ಗೊತ್ತಾಗಿದ್ದರೂ ಏನು ಮಾಡುತ್ತಿದ್ದೆ? ಬಿಡಿಸಿ ಎಲ್ಲಿಗೆ ಸೇರಿಸುವುದು? ಅಂಗನವಾಡಿಯ ವಯಸ್ಸು ದಾಟಿಹೋಗಿತ್ತು.

ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಟೀಚರ್‌ಗೆ ಉಸಿರಾಟದ ಕಾಯಿಲೆ ಜೋರಾಯಿತು. ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ ಎಂದು ತಿಳಿದು, ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹೋದೆ. ಒಂದೇ ಕೋಣೆ. ಗೋಡೆಗೆ ಎರಡು ದಿಂಬು ಆನಿಸಿ ಕೂತಿದ್ದರು. ಮಗಳನ್ನು ಕಂಡದ್ದೇ ಮುಖ ಅರಳಿತು. ಹತ್ತಿರ ಕರೆದು, ಉಸಿರು ಕೂಡಿಸಿಕೊಂಡು ಕೇಳಿದರು, "ನಿನ್ನೆ ಏನಾಯ್ತವ್ವ?"

ಮಗಳು ನನ್ನನ್ನು ನೋಡಿದಳು. ಹೇಳು, ಹೇಳು ಎಂದು ಕಣ್ಣಿನಲ್ಲೇ ಬೇಡಿಕೊಂಡೆ. ಹಿಂದಿನ ದಿನವೇ ಮಹಡಿಯ ಮೇಲೆ ಯಾರದೋ ಗಿಳಿ ಬಂದು ಕೂತು ಇಡೀ ವಠಾರ ಸೇರಿತ್ತು, ಅವಳೂ ಇದ್ದಳು. ಅವಳು ಕೋಣೆಯ ಸುತ್ತ ಕಣ್ಣಾಡಿಸಿದಳು. ಗೋಡೆಯಲ್ಲಿ ದಿನಸಿ ಅಂಗಡಿಯ ಕ್ಯಾಲೆಂಡರ್ ತೂಗುತ್ತಿತ್ತು. ಕೈ ಕಟ್ಟಿ ನೆಟ್ಟಗೆ ನಿಂತು, ಅಂಗಡಿಯ ಹೆಸರಿನಿಂದ ಶುರುಮಾಡಿ ಗಟ್ಟಿಯಾಗಿ ಓದತೊಡಗಿದಳು. ತಿಂಗಳ ಹೆಸರು, ಏಕಾದಶಿ, ಸಂಕಷ್ಟಿ, ಅಮಾವಾಸ್ಯೆ, ರಾಹುಕಾಲ. ಒಂದು ಒತ್ತಕ್ಷರವೂ ತಪ್ಪಲಿಲ್ಲ. ಟೀಚರ್ ಮೊದಲಿನಂತೆಯೇ ಎರಡೂ ತುಟಿ ಮುಚ್ಚಿಕೊಂಡು ಕೊನೆಯವರೆಗೂ ಕೇಳಿದರು.

"ಚೆಂದಾಗಿ ಓದ್ತೀಯ ಕಣವ್ವ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಾನೇ ಅಲ್ವಾ ಕಲ್ಸಿದ್ದು" ಎಂದರು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮುಂದಿನ ಶುಕ್ರವಾರ ಅವರು ತೀರಿಕೊಂಡರು. ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದೆ. ಮಗಳು ವ್ಯಾನಿನಿಂದ ಇಳಿದವಳು ಯೂನಿಫಾರ್ಮಿನಲ್ಲೇ ನನ್ನೊಂದಿಗೆ ಬಂದಳು. ಜನ ಸೇರಿದ್ದರು. ನಾನು ಅಳುತ್ತಿದ್ದೆ, ಅವಳು ಎಲ್ಲಿದ್ದಳು, ಏನು ಮಾಡಿದಳು ಎಂದು ನೋಡಲಿಲ್ಲ.

ಶನಿವಾರ ಬೆಳಿಗ್ಗೆ ಮುಖ್ಯರಸ್ತೆಯಲ್ಲಿ ವ್ಯಾನಿಗೆ ಕಾಯುತ್ತಾ ನಿಂತಿದ್ದೆವು. ಉತ್ತರದ ಆಸೆಯಿಲ್ಲದೆ, ಟೀಚರ ನೆನಪಿಗೆ ಕೇಳಿದೆ, "ನಿನ್ನೆ ಏನಾಯ್ತವ್ವ?"

ಮಗಳು ಶೂ ನೋಡುತ್ತಾ ನಿಂತಳು. ಎದುರಿಗೇ ಹತ್ತಾರು ಬೋರ್ಡುಗಳಿದ್ದವು, ತಲೆಯೆತ್ತಿ ಒಂದನ್ನೂ ನೋಡಲಿಲ್ಲ.

"ಟೀಚರ್ ಮಲ್ಗಿದ್ರು. ಎಲ್ಲಾರೂ ಹೂವ ಹಾಕಿದ್ರು. ನಾ ಕೈ ಎಣಿಸಿದೆ" ಎಂದಳು. "ಒಂಬತ್ತೂವರಿ ಇದ್ವು. ಹತ್ತಕ್ಕ ಮೂಗು ಮುಟ್ಟಿದೆ. ಅವರು ನಕ್ಕರು."

ನಗಲಿಲ್ಲ, ಸತ್ತವರು ನಗುವುದಿಲ್ಲ. ಅದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಎರಡೂ ತುಟಿ ಬಿಗಿಯಾಗಿ ಮುಚ್ಚಿಕೊಂಡು ಕಾದೆ. ಅವಳು ಇನ್ನೇನನ್ನೋ ಹೇಳುವವಳಿದ್ದಳು. ಅಷ್ಟರಲ್ಲಿ ವ್ಯಾನ್ ಬಂತು, ಹತ್ತಿ ಹೋದಳು. ನಾನು ಓಡಿಹೋಗಿ ಇದನ್ನು ಹೇಳಬೇಕಾಗಿದ್ದ ಟೀಚರ ಬಾಗಿಲಿಗೆ ಬೀಗ ಬಿದ್ದಿತ್ತು.